ಮರದಚ್ಚಿನಿಂದ ಲೋಹದ ಹಾಳೆಗೆ



ದೊಡ್ಡ ನೀಲಿ ಅಲೆಯೊಂದು ಉಗುರುಗಳಂಥ ನೊರೆಯನ್ನು ಚಾಚಿ ಎದ್ದು ನಿಂತಿದೆ. ಅದರ ಕೆಳಗೆ ಮೂರು ದೋಣಿಗಳು ತೊಯ್ದಾಡುತ್ತಿವೆ. ಈ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ, ಟೀ ಶರ್ಟಿನ ಮೇಲೋ ನೋಟ್‌ಬುಕ್ಕಿನ ರಟ್ಟಿನ ಮೇಲೋ. 2024ರಲ್ಲಿ ಜಪಾನ್ ಹೊರತಂದ ಸಾವಿರ ಯೆನ್ ನೋಟಿನ ಹಿಂಬದಿಯಲ್ಲೂ ಇದೇ ಅಲೆ. ಇಂಥ ಹಳೆಯ ಜಪಾನೀ ಚಿತ್ರಗಳನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಮೂಡಿಸಿ ಮನೆಯ ಗೋಡೆಗೆ ತೂಗುಹಾಕುವ ರೂಢಿ ಈಗ ಬೆಳೆದಿದೆ. ಕಾಗದದ ಚಿತ್ರ ಲೋಹಕ್ಕೆ ಬಂದಾಗ ಉಳಿಯುವುದೇನು, ಕಳೆದುಹೋಗುವುದೇನು? ಇಂದು ಅದನ್ನು ನೋಡೋಣ.

ಅಲೆಯ ಚಿತ್ರ ಹೊಕುಸಾಯ್ (1760–1849) ಎಂಬ ಕಲಾವಿದನದು. 1831ರ ಸುಮಾರಿಗೆ ‘ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು’ ಎಂಬ ಮಾಲಿಕೆಯಲ್ಲಿ ಅದು ಪ್ರಕಟವಾಯಿತು. ಅಲೆಯ ಅಬ್ಬರದಲ್ಲಿ ನಾವು ಮರೆತೇಬಿಡುವ, ದೂರದಲ್ಲಿ ಪುಟ್ಟದಾಗಿ ಕಾಣುವ ಹಿಮದ ಶಿಖರವೇ ಫ್ಯೂಜಿ. ಹಾಗಾದರೆ ಹೊಕುಸಾಯ್ ಕೈಯಾರೆ ಬರೆದ ಮೂಲ ಚಿತ್ರ ಎಲ್ಲಿದೆ ಎಂದು ನೀವು ಕೇಳಬಹುದು. ಸ್ವಾರಸ್ಯವಿರುವುದು ಇಲ್ಲಿಯೇ. ಅಂಥದೊಂದು ಉಳಿಯುವ ಹಾಗೆಯೇ ಇರಲಿಲ್ಲ.

ಕಲಾವಿದ ತೆಳುವಾದ ಕಾಗದದ ಮೇಲೆ ರೇಖೆಗಳನ್ನು ಬರೆದುಕೊಡುತ್ತಿದ್ದ. ಕೆತ್ತನೆಗಾರ ಅದನ್ನು ಚೆರ್ರಿ ಮರದ ಹಲಗೆಗೆ ಮುಖ ಕೆಳಗಾಗಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಿದ್ದ. ಮರದಲ್ಲಿ ರೇಖೆ ಉಬ್ಬಾಗಿ ನಿಲ್ಲುವ ಹೊತ್ತಿಗೆ ಕಾಗದ ನಾಶವಾಗಿರುತ್ತಿತ್ತು. ಆಮೇಲೆ ಬಣ್ಣಗಳಿಗೆ ಬೇರೆ ಬೇರೆ ಅಚ್ಚುಗಳು. ಮುದ್ರಕನು ಅಚ್ಚಿಗೆ ನೀರಿನ ಬಣ್ಣ ಬಳಿದು, ತೇವದ ಕಾಗದ ಹಾಸಿ, ಬಿದಿರಿನ ಪೊರೆ ಹೊದಿಸಿದ ‘ಬಾರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ಬೆನ್ನಿಗೆ ಉಜ್ಜುತ್ತಿದ್ದ. ಅಚ್ಚಿನ ಅಂಚಿನಲ್ಲಿ ಎರಡು ಗುರುತುಗಳನ್ನು ಕೆತ್ತಿರುತ್ತಿದ್ದರು. ಪ್ರತಿ ಬಣ್ಣಕ್ಕೂ ಕಾಗದವನ್ನು ಆ ಗುರುತುಗಳಿಗೇ ತಾಗಿಸುತ್ತಿದ್ದುದರಿಂದ ಬಣ್ಣ ರೇಖೆಯ ಆಚೆ ಜಾರುತ್ತಿರಲಿಲ್ಲ. ಬಂಡವಾಳ ಪ್ರಕಾಶಕನದು. ಹೀಗೆ ಹೊರಬಂದ ಸಾವಿರಾರು ಪ್ರತಿಗಳು ಹೆಚ್ಚುಕಡಿಮೆ ಎರಡು ಬಟ್ಟಲು ನೂಡಲ್ಸಿನ ಬೆಲೆಗೆ ಸಿಗುತ್ತಿದ್ದವು. ಇಂದು ದೊಡ್ಡ ದೊಡ್ಡ ಸಂಗ್ರಹಾಲಯಗಳು ಜೋಪಾನ ಮಾಡುತ್ತಿರುವುದು ಈ ಅಗ್ಗದ ಪ್ರತಿಗಳನ್ನೇ. ಆದ್ದರಿಂದ ಪ್ರತಿಕೃತಿಯನ್ನು ಗೋಡೆಗೆ ಹಾಕುವುದು ಕೀಳು ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಲೋಹದ ಮುದ್ರಣಕ್ಕೆ ಬರೋಣ. ಸಾಮಾನ್ಯವಾದ ವಿಧಾನದಲ್ಲಿ ಚಿತ್ರವನ್ನು ಮೊದಲು ವಿಶೇಷ ಬಣ್ಣಗಳಿಂದ ಒಂದು ಕಾಗದದ ಮೇಲೆ, ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ, ಮುದ್ರಿಸುತ್ತಾರೆ. ಅದನ್ನು ಪಾಲಿಮರ್ ಲೇಪನವಿರುವ ಅಲ್ಯೂಮಿನಿಯಂ ಹಾಳೆಯ ಮೇಲೆ ಮಗುಚಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ದ್ರವವಾಗದೆ ನೇರವಾಗಿ ಅನಿಲವಾಗಿ ಲೇಪನದೊಳಗೆ ಇಳಿಯುತ್ತದೆ. ರಸಾಯನಶಾಸ್ತ್ರದಲ್ಲಿ ನೀವು ಕರ್ಪೂರದ ಉದಾಹರಣೆಯೊಡನೆ ಓದುವ ಉತ್ಪತನ ಕ್ರಿಯೆ ಇದೇ. ಮರದಚ್ಚಿನಲ್ಲೂ ಚಿತ್ರ ತಿರುವುಮುರುವಾಗಿಯೇ ಇರುತ್ತಿತ್ತು ಎಂಬುದನ್ನು ನೆನೆದರೆ, ಎರಡು ಕಾಲದ ಈ ಕಸುಬುಗಳಿಗೆ ದೂರದ ನಂಟಸ್ತನ ಉಂಟೆನ್ನಬೇಕು.

ಆದರೆ ಆ ನಂಟಸ್ತನ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಪ್ರತಿಯಲ್ಲಿ ಬಣ್ಣ ಕಾಗದದ ನಾರಿನೊಳಗೆ ಹೀರಿಕೊಂಡಿರುತ್ತದೆ. ಲೋಹದಲ್ಲಿ ಅದು ನುಣುಪಾದ ಲೇಪನದಲ್ಲಿ ಕುಳಿತು ಹೊಳೆಯುತ್ತದೆ. ಯುರೋಪಿನಿಂದ ಬಂದ ಪ್ರಶ್ಯನ್ ನೀಲಿಯನ್ನು ಮುದ್ರಕರು ಅಚ್ಚಿನ ಮೇಲೆಯೇ ಒರೆಸಿ, ಗಾಢದಿಂದ ತಿಳಿಗೆ ಮೆಲ್ಲಗೆ ಇಳಿಸುತ್ತಿದ್ದರು. ಹಿರೋಶಿಗೆಯ ಚಿತ್ರಗಳಲ್ಲಿ ಈ ‘ಬೊಕಾಶಿ’ಯ ಚೆಲುವನ್ನು ಕಾಣಬಹುದು. ಮಿರುಗುವ ಹಾಳೆಯಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸಿದರೆ ಮೊದಲು ಮರೆಯಾಗುವುದು ಇದೇ. ಆದ್ದರಿಂದ ಹೊಳಪಿಲ್ಲದ ಮ್ಯಾಟ್ ಹಾಳೆಯನ್ನೇ ಆರಿಸುವುದು ಮೇಲು.

ಅಳತೆಯ ಮಾತೂ ಇದೆ. ಅಲೆಯ ಹಳೆಯ ಪ್ರತಿ ಸುಮಾರು 26 ಸೆಂಟಿಮೀಟರ್ ಎತ್ತರ, 38 ಸೆಂಟಿಮೀಟರ್ ಅಗಲ. ಕೈಯಲ್ಲಿ ಹಿಡಿದು ನೋಡುವಂಥದು. ಅದನ್ನು ನಾಲ್ಕಡಿಗೆ ಹಿಗ್ಗಿಸಿದರೆ ಕೂದಲೆಳೆಯಂಥ ರೇಖೆ ಹಗ್ಗದಂತೆ ಕಾಣುತ್ತದೆ. ಇನ್ನು ಕೆಲವರು ಸೋಫಾದ ಎಡಬಲಕ್ಕೆ ಹೊಂದಲೆಂದು ಚಿತ್ರವನ್ನೇ ತಿರುಗಿಸಿ ಮುದ್ರಿಸುತ್ತಾರೆ. ಜಪಾನೀ ಓದುಗರ ಕಣ್ಣು ಬಲದಿಂದ ಎಡಕ್ಕೆ ಸಾಗುತ್ತಿತ್ತು. ಅವರಿಗೆ ಅಲೆ ಎದುರಿನಿಂದ ಬಂದು ಅಪ್ಪಳಿಸುತ್ತಿತ್ತು. ತಿರುಗಿಸಿದರೆ ಆ ಹೊಡೆತವೇ ಇಲ್ಲವಾಗುತ್ತದೆ. ಮೇಲಿನ ಎಡಮೂಲೆಯ ಹೆಸರು, ಸಹಿಗಳೂ ಓದಲು ಬಾರದ ಗೀಟುಗಳಾಗುತ್ತವೆ.

ಎಲ್ಲಿ ಹಾಕಬೇಕು? ಜಪಾನಿನ ಮನೆಗಳಲ್ಲಿ ಹಿಂದೆ ಗೋಡೆ ತುಂಬ ಚಿತ್ರ ಹಾಕುತ್ತಿರಲಿಲ್ಲ. ‘ತೊಕೊನೋಮ’ ಎಂಬ ಗೂಡಿನಲ್ಲಿ ಒಂದು ಸುರುಳಿಚಿತ್ರವನ್ನು ಇಳಿಬಿಟ್ಟು, ಋತು ಬದಲಾದಾಗ ಬದಲಿಸುತ್ತಿದ್ದರು. ಅಚ್ಚುಚಿತ್ರಗಳಲ್ಲಿ ಕಂಬಕ್ಕೆಂದೇ ಮಾಡಿದ ಉದ್ದನೆಯ ಪಟ್ಟಿಗಳೂ ಇದ್ದವು. ನಾವೂ ಒಂದು ಗೋಡೆಗೆ ಒಂದೇ ಚಿತ್ರ ಹಾಕಿ, ಸುತ್ತ ಜಾಗ ಬಿಡಬಹುದು. ಮಳೆಗಾಲಕ್ಕೆ ಹಿರೋಶಿಗೆ 1857ರಲ್ಲಿ ಮಾಡಿದ ಸೇತುವೆಯ ಮೇಲಿನ ಹಠಾತ್ ಮಳೆಯ ಚಿತ್ರಕ್ಕಿಂತ ಒಳ್ಳೆಯದು ಯಾವುದಿದೆ? ವ್ಯಾನ್ ಗೋ ಅದನ್ನು 1887ರಲ್ಲಿ ತೈಲವರ್ಣದಲ್ಲಿ ನಕಲು ಮಾಡಿದ. ಕುಂಚದ ಗುರುತುಗಳನ್ನು ಮುಚ್ಚಿಡಲಿಲ್ಲ.

ಲೋಹಕ್ಕೆ ಅದರದೇ ಆದ ಗುಣಗಳಿವೆ. ತೇವಕ್ಕೆ ಮುದುರುವುದಿಲ್ಲ, ಹುಳು ತಿನ್ನುವುದಿಲ್ಲ, ಮೃದುವಾದ ಬಟ್ಟೆಯಿಂದ ಒರೆಸಿದರಾಯಿತು. ನೇರ ಬಿಸಿಲಿಗೆ ಮಾತ್ರ ಅದರ ಬಣ್ಣವೂ ಮಾಸುತ್ತದೆ. ಹಳೆಯ ಪ್ರತಿಗಳು ಬೆಳಕನ್ನು ಇನ್ನೂ ಕಡಿಮೆ ತಾಳುತ್ತವೆ. ಅಲೆಯ ಹಿಂದಿನ ಆಕಾಶದ ನಸುಗೆಂಪು ಎಷ್ಟೋ ಪ್ರತಿಗಳಲ್ಲಿ ಅಳಿಸಿಹೋಗಿದೆ. ಅದಕ್ಕೇ ಸಂಗ್ರಹಾಲಯಗಳು ಅವನ್ನು ಮಂದ ಬೆಳಕಿನಲ್ಲಿ ಸ್ವಲ್ಪ ಕಾಲ ತೋರಿಸಿ ಮತ್ತೆ ಕತ್ತಲಲ್ಲಿ ಇಡುತ್ತವೆ. ಅವು ಹಾಗೆ ವಿಶ್ರಾಂತಿ ಪಡೆಯುವಾಗ ಲೋಹದ ಪ್ರತಿ ನಮ್ಮ ಗೋಡೆಯ ಮೇಲಿರಬಹುದು.

ಅಂದರೆ ಪ್ರತಿಯಿಂದ ಪ್ರತಿಗೆ ಬಣ್ಣ ಬೇರೆ. ಅಚ್ಚು ಸವೆದಂತೆ ರೇಖೆಯೂ ಬೇರೆ. ಲೋಹದ ಮೇಲೆ ನೀವು ಕಾಣುವುದು ಇವುಗಳಲ್ಲಿ ಯಾವುದೋ ಒಂದರ ಛಾಯಾಚಿತ್ರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ಇಂಥ ಹಳೆಯ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟುಕೊಟ್ಟಿತು. ಕೊಳ್ಳುವ ಮುನ್ನ ಅದರೊಡನೆ ಹೋಲಿಸಿ ನೋಡಿ. ಕಲಾವಿದನ ಹೆಸರು, ವರ್ಷ, ಯಾವ ಸಂಗ್ರಹಾಲಯದ ಪ್ರತಿಯಿಂದ ತೆಗೆದದ್ದು ಎಂಬುದು ಹಾಳೆಯ ಬೆನ್ನಿಗೆ ಬರೆದಿದೆಯೇ ಎಂದು ಅಂಗಡಿಯವರನ್ನು ಕೇಳಿ. ಇಲ್ಲವಾದರೆ ನೀವೇ ಹುಡುಕಿ, ಒಂದು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ.