ಒಂದು ದಿರ್ಹಮ್ ರೊಟ್ಟಿಗೆ, ಒಂದು ಕೊಡಲಿಗೆ

(ಕಲಬುರಗಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಕಮಲಾಪುರದ ಪಾಲಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣ ಮಾಡುವವನಲ್ಲ, ಕಮಲಾಪುರದಲ್ಲಿ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡವನು. ನನ್ನ ಮಗಳಿಗೆ ಈ ಟ್ರಸ್ಟಿನ ವಿದ್ಯಾರ್ಥಿವೇತನ ಸಿಕ್ಕಿದೆ. ಧನ್ಯವಾದ ಹೇಳಿ ಕೂತುಬಿಡಬಹುದಿತ್ತು. ಆದರೆ ದಾನಿಗಳ ಮುಂದೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

2024ರಲ್ಲಿ ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ನೀವು 8,000 ರೂಪಾಯಿ ಕೊಟ್ಟಿರಿ. ಅದರಲ್ಲಿ 5,000 ರೂಪಾಯಿಯನ್ನು ನಾನು ಅವಳ ಅಣ್ಣನ ಕೋಚಿಂಗ್‌ಗೆ ಕಟ್ಟಿದೆ. ಮಗಳು ಏನೂ ಅನ್ನಲಿಲ್ಲ. ಗೆಳತಿಯ ಪುಸ್ತಕ ತಂದು ರಾತ್ರಿ ಕೂತು ಬರೆದುಕೊಂಡಳು.

ಹೀಗೇಕೆ ಆಯಿತು ಅಂದರೆ, ಮಗ 2023ರಲ್ಲಿ ಬಿ.ಕಾಂ. ಪಾಸಾದ. ನಮ್ಮ ಮನೆತನದಲ್ಲಿ ಮೊದಲ ಪದವೀಧರ. ಓಣಿಗೆಲ್ಲ ಪೇಡೆ ಹಂಚಿದೆವು. ಆಮೇಲೆ ಅವನು ಮನೆಯಲ್ಲಿ ಕೂತ. ಕೆಲಸ ಹುಡುಕಲಿಲ್ಲ ಅಂತಲ್ಲ. ಪರೀಕ್ಷೆ ಬರೆದ, ಅರ್ಜಿ ಹಾಕಿದ, ಕೆಲವೇ ಅಂಕದಲ್ಲಿ ತಪ್ಪಿತು. ನಮ್ಮ ಭಾಗಕ್ಕೆ 371(ಜೆ) ಮೀಸಲಾತಿ ಇದೆ, ಇವತ್ತಲ್ಲ ನಾಳೆ ನೌಕರಿ ಆಗುತ್ತದೆ ಎಂದು ನಾನೇ ಧೈರ್ಯ ಹೇಳುತ್ತಿದ್ದೆ.

ಅಂಗಡಿ ಬಾಡಿಗೆ ಕಳೆದು ನನಗೆ ತಿಂಗಳಿಗೆ 13,000 ಉಳಿಯುತ್ತದೆ. ರಮ್ಜಾನ್ ಮತ್ತು ಲಗ್ನದ ಹಂಗಾಮಿನಲ್ಲಿ ಸ್ವಲ್ಪ ಹೆಚ್ಚು. ಮನೆಯಾಕೆಗೆ ಗೃಹಲಕ್ಷ್ಮಿಯ 2,000. ಮಗನಿಗೆ 2024ರಿಂದ ಯುವನಿಧಿಯ 3,000 ಬರತೊಡಗಿತು. ಕೋಚಿಂಗ್ ಫೀ ಮಾತ್ರ 18,000. ಸಂಘದಿಂದ 10,000 ಸಾಲ ತೆಗೆದೆ, ಉಳಿತಾಯದ 3,000 ಹಾಕಿದೆ. ಕಡಿಮೆ ಬಿದ್ದದ್ದು ಮಗಳ ಹಣದಿಂದ ಹೋಯಿತು. ಯುವನಿಧಿ ಹಣ ಸಾಲದ ಕಂತಿಗೆ ಹೋಯಿತು.

ಹಣದ ತೊಂದರೆಗಿಂತ ಮನೆಯ ಮೌನ ದೊಡ್ಡದಾಗಿತ್ತು. ಮಗ ಜುಮಾ ನಮಾಜಿಗೆ ನಮ್ಮ ಓಣಿಯ ಮಸೀದಿ ಬಿಟ್ಟು ಊರ ಆಚೆಯ ಮಸೀದಿಗೆ ಹೋಗತೊಡಗಿದ. ಇಲ್ಲಿ ಪ್ರತಿಯೊಬ್ಬರೂ "ಈಗ ಏನ್ ಮಾಡ್ಲಿಕ್ಕತ್ತೀದಿ ಬೇಟಾ?" ಎಂದು ಕೇಳುತ್ತಾರಲ್ಲ! ಅವರ ಅಮ್ಮಿ ನನಗೆ ಗೊತ್ತಾಗದಂತೆ ಅವನ ಜೇಬಿಗೆ ನೂರು ಇನ್ನೂರು ಇಡುತ್ತಿದ್ದಳು. ಒಂದು ರಾತ್ರಿ ಅವನು ಎರಡನೆಯ ರೊಟ್ಟಿ ಬೇಡ ಅಂದ. "ಯಾಕಪ್ಪ?" ಅಂದೆ. "ಹಸಿವಿಲ್ಲ ಅಬ್ಬಾ" ಅಂದ. ಇಪ್ಪತ್ಮೂರು ವರ್ಷದ ಹುಡುಗನಿಗೆ ಹಸಿವಿಲ್ಲವೇ?

ಆ ವಾರ ಮಸೀದಿಯಲ್ಲಿ ಇಮಾಮ್ ಸಾಹೇಬರು ಹೇಳಿದ ಮಾತು ನೀವೆಲ್ಲ ಕೇಳಿದ್ದೇ. ಒಬ್ಬ ಬಡ ಅನ್ಸಾರಿ ಪ್ರವಾದಿಯವರ (ಸ) ಬಳಿ ಬೇಡಲು ಬಂದ. ಮನೆಯಲ್ಲಿ ಏನಿದೆ ಎಂದು ಕೇಳಿದರು. ಹೊದೆಯುವ ಬಟ್ಟೆ, ನೀರು ಕುಡಿಯುವ ಬಟ್ಟಲು ಇತ್ತು. ಅವನ್ನು ತರಿಸಿ ಎರಡು ದಿರ್ಹಮ್‌ಗೆ ಮಾರಿದರು. ಒಂದರಿಂದ ಮನೆಗೆ ಊಟ ತರಲು, ಇನ್ನೊಂದರಿಂದ ಕೊಡಲಿ ಕೊಳ್ಳಲು ಹೇಳಿದರು. ಕೊಡಲಿಗೆ ತಮ್ಮ ಕೈಯಾರೆ ಹಿಡಿಕೆ ಹಾಕಿ, ಕಟ್ಟಿಗೆ ಕಡಿದು ಮಾರು, ಹದಿನೈದು ದಿನ ಇತ್ತ ಬರಬೇಡ ಎಂದು ಕಳಿಸಿದರು. ಅವನು ಹತ್ತು ದಿರ್ಹಮ್ ದುಡಿದು ಬಂದ.

ನಾನು ಇದನ್ನು ಭಿಕ್ಷೆ ಬೇಡಬಾರದು ಎಂಬ ಪಾಠವಾಗಿ ಕೇಳಿದ್ದೆ. ಅಂದು ಬೇರೊಂದು ಕಂಡಿತು. ಮೊದಲ ದಿರ್ಹಮ್ ಊಟಕ್ಕೆ. ದುಡಿದ ಮೇಲೆ ಊಟ ಎಂದು ಹೇಳಲಿಲ್ಲ. ಎರಡನೆಯದಕ್ಕೆ ಮಾತ್ರ ಕೆಲಸ ಮತ್ತು ಗಡುವು. ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ಊಟ ಹಾಕುವಾಗ ಮುಖ ಗಂಟಿಕ್ಕುತ್ತಿದ್ದೆ, ಕೋಚಿಂಗ್‌ಗೆ ಲೆಕ್ಕವಿಲ್ಲದೆ ಸಾಲ ಮಾಡುತ್ತಿದ್ದೆ.

ಮನೆಗೆ ಬಂದು ನಾಲ್ಕೂ ಜನ ಕೂತು, ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದೆವು. ಮಗ, "ಅಬ್ಬಾ, ನಾ ತಿನ್ನೋದು ಲೆಕ್ಕ ಹಾಕ್ಲಿಕ್ಕತ್ತೀರೇನ್?" ಅಂದ. "ಇಲ್ಲ, ಅದನ್ನ ಲೆಕ್ಕದಿಂದ ತೆಗೀಲಿಕ್ಕತ್ತೀನಿ" ಅಂದೆ. ಐದು ಮಾತು ಬರೆದೆವು. ರೊಟ್ಟಿ, ಬ್ಯಾಳಿ, ಮನೆ ಅವನ ಹಕ್ಕು, ಅದರ ಮಾತು ಎತ್ತಬಾರದು. ಪರೀಕ್ಷೆ ಫೀ, ಬಸ್ಸು, ಮೊಬೈಲ್ ಎಲ್ಲ ಸೇರಿ ತಿಂಗಳಿಗೆ 1,000, ಅದೂ ಎಲ್ಲರ ಎದುರಿಗೆ, ಜೇಬಿಗೆ ಗುಟ್ಟಾಗಿ ಅಲ್ಲ. ತಂಗಿಯ ಹಣ ಯಾರೂ ಮುಟ್ಟಬಾರದು. ಹೊಸ ಸಾಲ ಇಲ್ಲ. ಮುಂದಿನ ರಮ್ಜಾನ್ ಒಳಗೆ ಸರ್ಕಾರಿ ನೌಕರಿ ಆಗದಿದ್ದರೆ ಸಿಕ್ಕ ಕೆಲಸ ಹಿಡಿಯಬೇಕು, ಪರೀಕ್ಷೆ ಅದರ ಜೊತೆಗೆ.

ಯುವನಿಧಿಗೆ ಎರಡು ವರ್ಷದ ಮಿತಿ ಇದೆ. ನಮ್ಮದೂ ಮುಗಿಯಿತು. ಈಗ ಪಡೆಯುತ್ತಿರುವ ಮನೆಗಳಿಗೆ ಹೇಳುತ್ತೇನೆ: ಅದನ್ನು ಮನೆಖರ್ಚಿನಲ್ಲಿ ಕರಗಿಸಬೇಡಿ, ಅದು ಕೊಡಲಿಯ ದಿರ್ಹಮ್. ನಾವು ಕೊನೆಯ ಎರಡು ತಿಂಗಳ ಹಣದಿಂದ ಟ್ಯಾಲಿ ಕಲಿಸಿದೆವು. ಮೊದಲೇ ಮಾಡಬೇಕಿತ್ತು. 371(ಜೆ) ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಕೊನೆಯ ದಿನ ಓಡಾಡಬೇಡಿ. ಸ್ವಂತ ದುಡಿಮೆ ಮಾಡುವವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಸಾಲ ಇದೆ, ಕಚೇರಿಯಲ್ಲಿ ವಿಚಾರಿಸಿ.

ಟ್ಯಾಲಿ ಬಂದರೂ ಕೆಲಸ ಸಿಗಲಿಲ್ಲ. ಎಲ್ಲರೂ ಅನುಭವ ಕೇಳುತ್ತಿದ್ದರು. ಆಗ ನಿಮ್ಮಲ್ಲೇ ಒಬ್ಬರು ಹಿರಿಯರು, ಹೆಸರು ಹೇಳಬೇಡ ಎಂದಿದ್ದಾರೆ, ಒಂದು ರೂಪಾಯಿಯನ್ನೂ ಕೊಡಲಿಲ್ಲ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವರ ಪಕ್ಕ ಮಗನನ್ನು ಎರಡು ತಿಂಗಳು ಕೂರಿಸಿದರು. ಹೊಸ ತೊಗರಿ ಬರುವ ಹಂಗಾಮು, ಮಿಲ್‌ಗೂ ಜನ ಬೇಕಿತ್ತು. ಈಗ ಅಲ್ಲೇ 9,000 ಸಂಬಳ. ದಿನಾ ಕಮಲಾಪುರದಿಂದ ಬಸ್ಸಿಗೆ ಹೋಗಿ ಬರುತ್ತಾನೆ, ಮನೆಗೆ 2,500 ಕೊಡುತ್ತಾನೆ. ದೊಡ್ಡ ನೌಕರಿಯಲ್ಲ. ಪರೀಕ್ಷೆ ಇನ್ನೂ ಬರೆಯುತ್ತಿದ್ದಾನೆ. ತಂಗಿಯ 5,000 ರೂಪಾಯಿಯನ್ನು ಐದು ತಿಂಗಳಲ್ಲಿ ಅವನೇ ತೀರಿಸಿದ. ಅವಳು ಈಗ ಬಿ.ಎಸ್ಸಿ. ಮೊದಲ ವರ್ಷ.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ವಿದ್ಯಾರ್ಥಿವೇತನ ಪಡೆದ ಮಕ್ಕಳು ಪದವಿ ಮುಗಿಸಿದ ದಿನ ನಿಮ್ಮ ಪಟ್ಟಿಯಿಂದ ಹೋಗುತ್ತಾರೆ, ಬಡತನದಿಂದ ಹೋಗುವುದಿಲ್ಲ. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಮನೆಯಲ್ಲಿ ಓದು ಮುಗಿಸಿ ಕೆಲಸವಿಲ್ಲದವರು ಯಾರಾದರೂ ಇದ್ದಾರೆಯೇ? ಇದ್ದರೆ, ಚಿಕ್ಕವರಿಗೆ ಕೊಟ್ಟ ಹಣ ಎತ್ತ ಹರಿಯುತ್ತದೆ ಎಂದು ನಿಮಗೆ ತಿಳಿಯುತ್ತದೆ. ತಂದೆ ತನ್ನ ಜಕಾತನ್ನು ತನ್ನ ಮಗನಿಗೆ ಕೊಡುವಂತಿಲ್ಲ. ಆದರೆ ಅರ್ಹನಾದ ಅಣ್ಣನ ಮಗನಿಗೆ, ತಂಗಿಯ ಮಗನಿಗೆ ಕೊಡಬಹುದೆಂದು ನಮ್ಮ ಆಲಿಮರು ಹೇಳುತ್ತಾರೆ. ಅವರನ್ನು ಕೇಳಿ, ನಿಮ್ಮ ಬಂಧುಗಳಲ್ಲೇ ಹುಡುಕಿ. ಅಂಗಡಿ, ಮಿಲ್ಲು, ಕಚೇರಿ ಇರುವವರು ಎರಡು ತಿಂಗಳು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ರೊಟ್ಟಿ ನಾವು ಹೇಗೋ ಹಾಕುತ್ತೇವೆ. ಕೊಡಲಿಗೆ ಹಿಡಿಕೆ ಹಾಕುವ ಕೈ ನಮಗೆ ಸಿಗುವುದಿಲ್ಲ.

ಮಸೀದಿಯಲ್ಲಿ ಅಂಥ ಹುಡುಗ ಕಂಡರೆ ಏನು ಮಾಡುತ್ತೀ ಎಂದು ಕೇಳಬೇಡಿ. ಊಟ ಆಯಿತೇ ಎಂದು ಕೇಳಿ.