ದಂತವೈದ್ಯೆಯೊಬ್ಬಳ ಕಷ್ಟ ಸುಖ

(ಕೊಚ್ಚಿಯಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ದಿನವೂ ಇನ್ನೊಬ್ಬರಿಗೆ ಬಾಯಿ ತೆರೆಯಿರಿ ಎನ್ನುವವಳು ನಾನು. ಇವತ್ತು ನಾನೇ ಬಾಯಿ ತೆರೆಯಬೇಕಾಗಿ ಬಂದಿದೆ. ಸಂಚಾಲಕಿಯವರು ಕೊಟ್ಟ ವಿಷಯ ‘ದಂತವೈದ್ಯ ವೃತ್ತಿಯ ಸವಾಲುಗಳು’. ಪಿಯುಸಿ, ಪ್ಲಸ್ ಟು ಓದುತ್ತಿರುವ ಹುಡುಗಿಯರು ಮುಂದೆ ಕುಳಿತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ನಾನು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯ ಮಗಳು. ಸಿಇಟಿಯಲ್ಲಿ ಎಂಬಿಬಿಎಸ್ ಸೀಟು ತಪ್ಪಿತು, ಬಿಡಿಎಸ್ ಸಿಕ್ಕಿತು. ನೆಂಟರು ಕೇಳಿದ ಮೊದಲ ಪ್ರಶ್ನೆ, “ಬರೀ ಹಲ್ಲಿನ ಡಾಕ್ಟರಾ?” ಎಂದು. ನಮ್ಮ ವೃತ್ತಿಯ ಮೊದಲ ಸವಾಲು ಈ ‘ಬರೀ’ ಎಂಬ ಮಾತು. ಆಗ ಅಡಿಕೆಗೆ ದರ ಬಿದ್ದಿತ್ತು. ಅಪ್ಪಯ್ಯ ಮಾತ್ರ ಏನೂ ಹೇಳದೆ ಕೊನೆಕೊಯ್ಲಿನ ದುಡ್ಡನ್ನು ನನ್ನ ಫೀಸಿಗೆ ಎತ್ತಿಟ್ಟರು.

ದಾವಣಗೆರೆಯಲ್ಲಿ ಓದಿದೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಒಂದೊಂದು ಹಲ್ಲಿಗೂ ಒಂದೊಂದು ಆಕಾರ, ಅಳತೆ. ಅರ್ಧ ಮಿಲಿಮೀಟರ್ ತಪ್ಪಿದರೂ ಮತ್ತೆ ಕೆತ್ತಬೇಕು. ಅಂಗರಚನೆ, ಔಷಧಶಾಸ್ತ್ರ, ರೋಗಶಾಸ್ತ್ರ ಎಲ್ಲವನ್ನೂ ಓದಿದ ಮೇಲೆ ಕೈಯನ್ನೂ ಪಳಗಿಸಬೇಕು. ಡಾಕ್ಟರ ತಲೆಯ ಜೊತೆಗೆ ಅಕ್ಕಸಾಲಿಗನ ಕೈ ಬೇಕು ಎನ್ನುತ್ತಿದ್ದರು ನಮ್ಮ ಗುರುಗಳು.

2006ರಲ್ಲಿ ಮದುವೆಯಾಗಿ ತಿರುವನಂತಪುರಕ್ಕೆ ಬಂದೆ. ಮರುವರ್ಷ ಮಗಳು ಹುಟ್ಟಿದಳು. ಕೆಲಸಕ್ಕೆ ಹೊರಟಾಗ ನಾಲ್ಕು ವರ್ಷ ಕಳೆದಿತ್ತು. ನಮ್ಮದು ಪುಸ್ತಕ ಓದಿ ಉಳಿಸಿಕೊಳ್ಳುವ ವಿದ್ಯೆಯಲ್ಲ. ಕೈ ಬಿಟ್ಟರೆ ಕೈ ಮರೆಯುತ್ತದೆ. ಫಾತಿಮಾ ಜಿನ್ನಾ ಅವರ ಹೆಸರನ್ನು ಇಲ್ಲಿ ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಪಾಕಿಸ್ತಾನದ ಜಿನ್ನಾ ಅವರ ತಂಗಿ. ಕಲ್ಕತ್ತೆಯಲ್ಲಿ ದಂತವೈದ್ಯ ಓದಿ, 1923ರಲ್ಲಿ ಮುಂಬಯಿಯಲ್ಲಿ ಕ್ಲಿನಿಕ್ ತೆರೆದವರು. 1929ರಲ್ಲಿ ಅತ್ತಿಗೆ ತೀರಿಕೊಂಡಾಗ ಅಣ್ಣನ ಮನೆ ನೋಡಿಕೊಳ್ಳಲು ಆ ಕ್ಲಿನಿಕ್ ಮುಚ್ಚಿದರು. ಸುಮಾರು ನೂರು ವರ್ಷವಾಯಿತು. ಮನೆಗೆ ತೊಂದರೆ ಬಂದಾಗ ಮೊದಲು ಮುಚ್ಚುವುದು ಈಗಲೂ ಹೆಂಗಸಿನ ಕ್ಲಿನಿಕ್ಕೇ.

ನಾನು ಕರ್ನಾಟಕದ ನೋಂದಣಿಯನ್ನು ಕೇರಳಕ್ಕೆ ವರ್ಗಾಯಿಸಿಕೊಂಡು, ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ವಾರಕ್ಕೆ ಎರಡು ಸಂಜೆ ಕೆಲಸಕ್ಕೆ ಸೇರಿದೆ. ಅಲ್ಲಿ ಎದುರಾದದ್ದು ಭಾಷೆ. ಹಲ್ಲಿಗೆ ಮಲಯಾಳದಲ್ಲಿ ‘ಪಲ್ಲ್’. ನಮ್ಮ ಹಳಗನ್ನಡದ ‘ಪಲ್’ ಇಲ್ಲಿ ಇನ್ನೂ ಬದುಕಿದೆಯಲ್ಲ ಎಂದು ಖುಷಿಯಾಯಿತು. ಆದರೆ ಒಬ್ಬ ಅಮ್ಮ ಬಂದು “ಪಲ್ಲಿನು ಪುಳಿಪ್ಪ್” ಎಂದಾಗ, ಹುಳಿ ಏನಾದರೂ ತಿಂದಿರಾ ಎಂದು ಕೇಳಿಬಿಟ್ಟೆ. ಅವರು ಹೇಳಿದ್ದು ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು! ನೋವು ಚುಚ್ಚುತ್ತದೆಯೋ, ಮಿಡಿಯುತ್ತದೆಯೋ, ರಾತ್ರಿ ಹೆಚ್ಚೋ ಎಂಬುದರ ಮೇಲೆ ನಮ್ಮ ಅರ್ಧ ರೋಗನಿರ್ಣಯ ನಿಂತಿರುತ್ತದೆ. ಭಾಷೆ ಬಾರದ ದಂತವೈದ್ಯೆ ಕನ್ನಡಿ ಇಲ್ಲದೆ ಬಾಯಿ ನೋಡಿದಂತೆ.

ಇದನ್ನು ನಗುತ್ತಾ ಹೇಳಿದೆ. ಇನ್ನು ಹೇಳುವುದು ನಗುವಂಥದ್ದಲ್ಲ.

2011ರಲ್ಲಿ ಚಾಲೆ ಪೇಟೆಯಲ್ಲಿ ಮೂಟೆ ಹೊರುವ ಒಬ್ಬರು ಬಂದರು. ಐವತ್ತು ದಾಟಿದ ವಯಸ್ಸು. ಅಲ್ಲಾಡುವ ದವಡೆ ಹಲ್ಲು ಕೀಳಿಸಬೇಕಿತ್ತು. ಬಾಯಿ ತುಂಬ ಮುರುಕ್ಕಾನ್ ಕೆಂಪು. ನಮ್ಮೂರಿನ ಮಾತಿನಲ್ಲಿ ಕವಳ. ಕೆನ್ನೆಯ ಒಳಗೆ, ಕವಳ ಇಡುವ ಜಾಗದಲ್ಲೇ, ಬಿಳಿ ಮಚ್ಚೆ, ನಡುವೆ ಕೆಂಪು. ನೋಡಿದ ಕೂಡಲೇ ನನಗೆ ಅನುಮಾನ ಬಂತು. ಸರ್ಕಾರಿ ಡೆಂಟಲ್ ಕಾಲೇಜಿಗೆ ಚೀಟಿ ಬರೆದುಕೊಟ್ಟೆ. “ಒರು ಟೆಸ್ಟ್ ಚೆಯ್ಯಣಂ” ಎಂದೆ. ಒಂದು ಟೆಸ್ಟ್ ಮಾಡಿಸಬೇಕು, ಅಷ್ಟೇ. ಯಾಕೆ ಎಂದು ಹೇಳಲಿಲ್ಲ. ಹೇಳುವಷ್ಟು ಮಲಯಾಳ ಇರಲಿಲ್ಲ, ಹೆದರಿಸಬಾರದು ಎಂದೂ ಅನ್ನಿಸಿತು. ಅವರು ತಲೆಯಾಡಿಸಿ ಚೀಟಿಯನ್ನು ಜೇಬಿಗಿಟ್ಟುಕೊಂಡರು. ನಾನು ಬಸ್ಸು ಹಿಡಿದು ಮನೆಗೆ ಹೋಗಿ ಮಗಳಿಗೆ ಊಟ ಮಾಡಿಸಿದೆ.

ಹತ್ತು ತಿಂಗಳ ನಂತರ ಅವರು ಮತ್ತೆ ಬಂದಾಗ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಕುತ್ತಿಗೆಯಲ್ಲಿ ಗಂಟು ಇತ್ತು. ದವಡೆಯ ಒಂದು ಭಾಗ ತೆಗೆಯಬೇಕಾಯಿತು. ಆಮೇಲೆ ಎರಡು ವರ್ಷ ಇದ್ದರು. ಅವರ ಹೆಂಡತಿ ನನ್ನನ್ನು ಬೈಯಲಿಲ್ಲ. “ಆವತ್ತೇ ಹೇಳಿದ್ದರೆ ನಾನೇ ಕರೆದುಕೊಂಡು ಹೋಗುತ್ತಿದ್ದೆನಲ್ಲ ಡಾಕ್ಟರೇ” ಎಂದರು. ಹೇಳಿದ್ದೆ ಎನ್ನಲು ಬಾಯಿ ಬರಲಿಲ್ಲ. ಚೀಟಿ ಕೊಟ್ಟಿದ್ದೆ, ಹೇಳಿರಲಿಲ್ಲ. ಹತ್ತು ತಿಂಗಳಲ್ಲಿ ಒಂದು ಫೋನ್ ಕೂಡ ಮಾಡಿರಲಿಲ್ಲ. ವಾರಕ್ಕೆ ಎರಡು ಸಂಜೆ ಬಂದು ಹೋಗುವವಳು, ಇದು ನನ್ನ ಪೇಷಂಟ್ ಎಂದು ನಾನೇ ಅಂದುಕೊಂಡಿರಲಿಲ್ಲ. ‘ಬರೀ ಹಲ್ಲಿನ ಡಾಕ್ಟರ್’ ಎಂದು ನೆಂಟರು ಅಂದದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದೆ. ಆ ದಿನ ನಾನೂ ಬರೀ ಹಲ್ಲು ಕಿತ್ತು ಕಳಿಸಿದ್ದೆ.

ವೃತ್ತಿ ಬಿಟ್ಟುಬಿಡೋಣ ಎನ್ನಿಸಿತು. ಆಗ ಕಣ್ಣಿಗೆ ಬಿದ್ದದ್ದು ಅದೇ ಜಿಲ್ಲೆಯ ಒಂದು ದೊಡ್ಡ ಅಧ್ಯಯನ. 1996ರಿಂದ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿನವರು 13 ಪಂಚಾಯತಿಗಳಲ್ಲಿ, 1.9 ಲಕ್ಷ ಜನರನ್ನು ಸೇರಿಸಿಕೊಂಡು ನಡೆಸಿದ್ದು. ಅರ್ಧದಷ್ಟು ಜನರ ಮನೆಗಳಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೋಗಿ ಬಾಯಿ ಪರೀಕ್ಷೆ ಮಾಡುತ್ತಿದ್ದರು. ಅವರು ಡಾಕ್ಟರುಗಳಲ್ಲ. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಬೆಳಕು ಹಿಡಿದು ನೋಡಿ, ಬಿಡದೆ ವಿಚಾರಿಸಿದರೆ ಜೀವ ಉಳಿಯುತ್ತದೆ ಎಂದಾಯಿತು. ನಾನು ನೋಡಿದ್ದೆ, ವಿಚಾರಿಸಿರಲಿಲ್ಲ.

ಮಗಳ ಒಂದನೇ ತರಗತಿಯ ಪುಸ್ತಕ ಹಿಡಿದು ಮಲಯಾಳ ಓದಲು ಬರೆಯಲು ಕಲಿತೆ. ಒಂದು ನೋಟ್‌ಬುಕ್ ಇಟ್ಟೆ. ಅನುಮಾನದ ಮಚ್ಚೆ, ಮಾಯದ ಹುಣ್ಣು ಕಂಡವರ ಹೆಸರು, ಫೋನ್ ನಂಬರ್ ಅದರಲ್ಲಿ. ಶನಿವಾರ ಮಧ್ಯಾಹ್ನ ಒಬ್ಬೊಬ್ಬರಿಗೂ ಫೋನ್. ಕೆಲವರು ಬೈಯುತ್ತಾರೆ, ಕೆಲವರು ಫೋನ್ ಎತ್ತುವುದಿಲ್ಲ. ಆದರೂ ಮಾಡುತ್ತೇನೆ.

2014ರಲ್ಲಿ ಯಜಮಾನರಿಗೆ ಕೊಚ್ಚಿಗೆ ವರ್ಗವಾಯಿತು. ಇಲ್ಲಿ ತ್ರಿಪ್ಪೂಣಿತ್ತುರದ ಹತ್ತಿರ ಸ್ವಂತ ಕ್ಲಿನಿಕ್ ತೆರೆದೆ. ಎಂಬಿಬಿಎಸ್ ಮಾಡಿದವರು ಒಂದು ಮೇಜು, ಸ್ಟೆತಾಸ್ಕೋಪ್ ಇಟ್ಟುಕೊಂಡು ಶುರು ಮಾಡಬಹುದು. ನಮಗೆ ಚೇರ್, ಕಂಪ್ರೆಸರ್, ಎಕ್ಸ್‌ರೇ, ಆಟೋಕ್ಲೇವ್ ಇಲ್ಲದೆ ಬಾಗಿಲು ತೆರೆಯಲಾಗದು. ಬ್ಯಾಂಕ್ ಸಾಲ ಮಾಡಿದೆ. ಬೀದಿಗೊಂದು ಡೆಂಟಲ್ ಬೋರ್ಡ್ ಇರುವ ಊರು ಇದು. ಮೊದಲ ವರ್ಷ ಫ್ಯಾನ್ ನೋಡುತ್ತಾ ಕೂತ ದಿನಗಳೇ ಜಾಸ್ತಿ. ಸಾಲ ತೀರುವ ಹೊತ್ತಿಗೆ 2020 ಬಂತು. ನಮ್ಮ ಏರೋಟರ್ ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ನೀರು, ಉಗುಳು ಹೊಗೆಯಂತೆ ಮುಖಕ್ಕೇ ಬರುತ್ತದೆ. ಕೊರೋನಾ ಕಾಲದಲ್ಲಿ ತಿಂಗಳುಗಟ್ಟಲೆ ತುರ್ತು ಚಿಕಿತ್ಸೆ ಮಾತ್ರ. ಬಾಡಿಗೆ, ಸಂಬಳ ನಿಲ್ಲಲಿಲ್ಲ. ಬಾಗಿ ಬಾಗಿ ಕುತ್ತಿಗೆ ನೋವು ಬೇರೆ ಖಾಯಂ.

ಹುಡುಗಿಯರೇ, ಎಂಬಿಬಿಎಸ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಇದಕ್ಕೆ ಬರಬೇಡಿ. ಕೈಕೆಲಸ ಇಷ್ಟವಿದ್ದರೆ ಬನ್ನಿ. ಎಂಡಿಎಸ್ ಮಾಡುವುದಾದರೆ ಇನ್ನೂ ಮೂರು ವರ್ಷ ಎಂದು ಮನೆಯವರಿಗೆ ಮೊದಲೇ ಹೇಳಿ. ಮದುವೆ, ಮಕ್ಕಳು ಎಂದು ನಿಲ್ಲಿಸಬೇಕಾಗಿ ಬಂದರೂ ವಾರಕ್ಕೊಂದು ದಿನವಾದರೂ ಕೈ ಆಡಿಸುತ್ತಿರಿ. ಯಾವ ಊರಿಗೆ ಹೋದರೂ ಆ ಊರಿನ ನೋವಿನ ಮಾತು ಕಲಿಯಿರಿ. ಅಮ್ಮಂದಿರೇ, ಅತ್ತೆಯರೇ, ಆ ಒಂದು ದಿನ ಮಗುವನ್ನು ನೀವು ನೋಡಿಕೊಳ್ಳಿ.

ಎಲ್ಲರಿಗೂ ಒಂದು ಮಾತು. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಬಾಯಿ ತೆರೆಯುವುದು ಕಷ್ಟವಾದರೆ, ತಡಮಾಡದೆ ತೋರಿಸಿ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯ ದುಡ್ಡಿನಲ್ಲಿ ಓದಿದವಳಿಗೆ ಈ ಮಾತು ಸುಲಭವಲ್ಲ.

ಅಪ್ಪಯ್ಯನಿಗೆ ಈಗ ಎಂಬತ್ತರ ಹತ್ತಿರ. ನನ್ನ ಕಾಟಕ್ಕೆ ಹೊಗೆಸೊಪ್ಪು ಬಿಟ್ಟಿದ್ದಾರೆ, ಕವಳ ಬಿಟ್ಟಿಲ್ಲ. ಊರಿಗೆ ಹೋದಾಗಲೆಲ್ಲ ಜಗಲಿಯಲ್ಲಿ ಕೂರಿಸಿ ಟಾರ್ಚ್ ಹಿಡಿದು ಬಾಯಿ ನೋಡುತ್ತೇನೆ. “ನಿನ್ನ ಫೀಸು ಬೆಳೆದ ಬಾಯಿ ಇದು, ಸರಿಯಾಗಿ ನೋಡು” ಎನ್ನುತ್ತಾರೆ. ಸರಿಯಾಗಿಯೇ ನೋಡುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಅವರ ಹೆಸರೂ ಇದೆ.