ಖಣದ ಪಾಟಿಚೀಲ



ಎಂಟನೇ ತರಗತಿಯಲ್ಲಿ ಅವ್ವ ಗುಳೇದಗುಡ್ಡ ಖಣದ ತುಂಡುಗಳಿಂದ ಪಾಟಿಚೀಲ ಹೊಲಿದು ಕೊಟ್ಟಿದ್ದಳು. ಹುಡುಗರು ನಕ್ಕರು. ಬೇಲಿಗೆ ಎಸೆದು, ಕಳೆದುಹೋಯಿತು ಎಂದು ಸುಳ್ಳು ಹೇಳಿದೆ.

ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅವ್ವನಿಗೆ ಸೂಜಿಯ ಕಣ್ಣು ಕಾಣದಾದ ಮೇಲೆ ಅವಳ ಹೊಲಿಗೆ ಮಷಿನ್ ನನ್ನ ಮನೆಗೆ ಬಂತು. ಭಾನುವಾರ ದರ್ಜಿ ಅಂಗಡಿಯ ಚೂರುಬಟ್ಟೆ ತಂದು ಮಗಳಿಗೆ ಪೆನ್ಸಿಲ್ ಚೀಲ, ಗುಬ್ಬಿ, ಆನೆ ಹೊಲಿಯುತ್ತೇನೆ. ಖಣದ ಅಂಚು ಬೇಗ ಎಳೆ ಬಿಡುತ್ತದೆ, ಅರ್ಧ ಇಂಚು ಬಿಟ್ಟೇ ಹೊಲಿಯಬೇಕು. ಉಲ್ಟಾ ಹೊಲಿದು ತಿರುವಿದಾಗ ಮೊದಲ ಆನೆಯ ಸೊಂಡಿಲು ಒಳಗೇ ಉಳಿದಿತ್ತು!

ಈ ಸಲ ಊರಿಗೆ ಬಂದಾಗ ಅವ್ವನಿಗೆ ಬೇಲಿಯ ವಿಷಯ ಹೇಳಿದೆ.

“ಗೊತ್ತಿತ್ತು ಬಿಡೋ ತಮ್ಮಾ. ಮರುದಿನಾನ ಹುಡುಕಿ ತಂದು ನಿನ್ನ ಕೌದಿಗೆ ಹಚ್ಚೀನಿ” ಎಂದಳು.

ಎಸ್‌.ಎಸ್‌.ಎಲ್‌.ಸಿ.ಗೆ ಆ ಕೌದಿ ಹೊದ್ದುಕೊಂಡೇ ಓದಿದ್ದೆ.